ಕೆಳಗಿನ ಕಂಬಿ

ಶಹಾಬಾದ
28 ಅಕ್ಟೋಬರ್ 1974

ಅಕ್ಕ ಹೀರಾಬಾಯಿಗೆ ವಿಠೋಬಾನ ನಮಸ್ಕಾರ.

ನನ್ನ ಕಾಗದ ಅಂದರೆ ಬರಗಾಲದ ಮಳೆ ಅಂತ ಹೋದ ಸಲ ನೀನು ಬೈದು ಬರೆದಿದ್ದೆ. ಇಗೋ, ಈ ಸಲ ಕೇಳದೆಯೇ ಸುರಿದಿದೆ. ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದು, ಸುದ್ದಿ ಅವಳದೇ.

ನಮ್ಮ ತರಬೇತಿ ಕೇಂದ್ರದಲ್ಲಿ ಕೊನೆಯ ವರ್ಷದ ಹುಡುಗರು ಪರೀಕ್ಷೆಗೆ ಮೊದಲು ನಾಲ್ಕು ಜನರಿಗೆ ಉಪಯೋಗವಾಗುವ ಕೆಲಸವೊಂದನ್ನು ಮಾಡಿ ನಿಲ್ಲಿಸಬೇಕು. ಹೋದ ವರ್ಷದವರು ಒಂದು ಶಾಲೆಗೆ ಗೇಟು ಮಾಡಿಕೊಟ್ಟರು. ಈ ಸಲ ವೆಲ್ಡಿಂಗ್ ಕಲಿಯುವ ನಮಗೆ ಬಂದದ್ದು ನಮ್ಮೂರ ಹೊಳೆಯ ಮೆಟ್ಟಿಲಿನ ರೇಲಿಂಗ್. ಎರಡು ವರ್ಷದ ಹಿಂದೆ ಬರಗಾಲದ ಕಾಮಗಾರಿಯಲ್ಲಿ ಪರಸಿ ಕಲ್ಲು ಹಾಸಿ ಕಟ್ಟಿದರಲ್ಲ, ಅದೇ ಮೆಟ್ಟಿಲು. ಕಲ್ಲು ಶಹಾಬಾದಿನದು, ಜಾರಿ ಬೀಳುವವರು ಸನ್ನತಿಯವರು. ಪಂಚಾಯತಿ ಪೈಪು ಕೊಡಿಸುತ್ತದೆ, ಕೊಯ್ಯುವುದು, ಬೆಸೆಯುವುದು, ತಂದು ನಿಲ್ಲಿಸುವುದು ನಮ್ಮ ಕೆಲಸ. ವರ್ಗದಲ್ಲಿ ಊರಿನ ಹೆಸರು ಕೇಳಿದಾಗ ನಾನು ಬೆಂಚಿನ ಮೇಲೆ ನಿಲ್ಲುವುದೊಂದು ಬಾಕಿ.

ನಕ್ಷೆಯಲ್ಲಿ ಮೂರು ಅಡಿ ಎತ್ತರಕ್ಕೆ ಒಂದೇ ಕಂಬಿ ಇತ್ತು. ನಮಗೆ ಕಲಿಸುವ ಮಶಾಕ ಉಸ್ತಾದರು ಅದನ್ನು ನೋಡಿ, "ನಕ್ಷಾ ಬಂದು ಕಂಬಿ ಹಿಡಿಯಂಗಿಲ್ಲ, ಮಂದಿ ಹಿಡೀತಾರ. ಯಾರ ಕೈ ಹಿಡೀತಾವ ಅಂತ ಮೊದಲ ಕೇಳ್ರಿ," ಅಂದರು. ನಾನು ಎದ್ದು ನಿಂತು ಅವ್ವನ ಕಥೆ ಹೇಳಿದೆ. ಅಪ್ಪ ಹೊಳೆಯ ಪಾಲಾದ ದಿನದಿಂದ ನಮ್ಮವ್ವ ಒಂದು ಬೆಳಗ್ಗೆಯೂ ಹೊಳೆ ತಪ್ಪಿಸಿಲ್ಲ. ಇಳಿದು, ಕಾಲು ತೋಯಿಸಿಕೊಂಡು, ಕೊಡ ತುಂಬಿಕೊಂಡೇ ಬರಬೇಕು. ಮಂಡಿ ಹೋಗಿವೆ, ಬೆನ್ನು ಬಗ್ಗಿದೆ, ಆದರೂ ಕೋಲು ಹಿಡಿಯುವುದಿಲ್ಲ, ಮಗಳ ಕೈಯನ್ನೂ ಹಿಡಿಯುವುದಿಲ್ಲ. ಉಸ್ತಾದರು ನಕ್ಕು, "ಕಬ್ಬಿಣ ಆದ್ರ ಹಿಡೀತಾಳೇನು?" ಅಂತ ಕೇಳಿದರು. ಮಗ ಮಾಡಿದ್ದಾದರೆ ಹಿಡಿಯುತ್ತಾಳೆ ಅಂದೆ. ಹಾಗಾದರೆ ಮೇಲಿನದರ ಕೆಳಗೆ ಇನ್ನೊಂದು ಕಂಬಿ ಹಾಕೋಣ, ಅದು ನಿಮ್ಮವ್ವನ ಅಳತೆಯದು ಅಂದರು.

ಅದಕ್ಕೇ ಬಲೆಯ ದಾರ ತೆಗೆದುಕೊಂಡು ಅಳತೆ ಕಳಿಸು. ಹಿಮ್ಮಡಿಗೆ ಒಂದು ಗಂಟು, ಇಳಿಬಿಟ್ಟ ಅಂಗೈಗೆ ಒಂದು ಗಂಟು. ಅಪ್ಪ ಕಲಿಸಿದ ಜಾರದ ಗಂಟೇ ಇರಲಿ. ಟೇಪು ಹಿಡಿದು ಹುಡುಗರು ಅರ್ಧ ಇಂಚಿಗೆ ಜಗಳಾಡುತ್ತಾರೆ, ನಮ್ಮ ಮನೆಯ ಗಂಟಿಗೆ ಎದುರು ಮಾತಿಲ್ಲ.

ನಿನ್ನ ತಮ್ಮ
ವಿಠೋಬಾ


ಸನ್ನತಿ
24 ನವೆಂಬರ್ 1974

ತಮ್ಮ ವಿಠೋಬಾನಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ದೀಪಾವಳಿಗೆ ಮೊದಲೇ ಬಂದಿತ್ತು. ಉತ್ತರ ತಡವಾಯಿತು ಅಂತ ಮುಖ ಊದಿಸಬೇಡ. ಹತ್ತಿ ಬಿಡಿಸುವ ಕಾಲ, ಬೆರಳೆಲ್ಲ ಗೀರು. ನಿನಗೇನು, ನೆರಳಲ್ಲಿ ಕೂತು ಕಬ್ಬಿಣ ಸುಡುವವನು.

ಅವ್ವನಿಗೆ ಎರಡು ಸಲ ಓದಿದೆ. ಮೊದಲ ಸಲ ಕೇಳಿದಾಗ, "ನಾ ಏನು ಸಂತ್ಯಾಗಿನ ಎತ್ತೇನು, ಅಳತಿ ಹಿಡೀಲಿಕ್ಕ?" ಅಂತ ನಕ್ಕಳು. ಹೋದ ವಾರ ತಾನೇ ಮತ್ತೆ ಓದಿಸಿದಳು. ಈ ಸಲ ನಗಲಿಲ್ಲ. "ಮಾಡಲಿ. ಗಟ್ಟಿ ಮಾಡಲಿ," ಅಂದಳು. ದಾರ ಸ್ವಲ್ಪ ದಿನ ಬಿಟ್ಟು ಕಳಿಸುತ್ತೇನೆ, ಅವಸರ ಮಾಡಬೇಡ.

ಅವ್ವ ಆರಾಮ ಇದ್ದಾಳೆ. ಚಳಿ ಬಿದ್ದಿದೆ, ಹೊಳೆಗೆ ಬೇಡ ಅಂದಿದ್ದೇನೆ. ಅವಳ ಕೊಡ ಈಗ ನಾನೇ ತರುತ್ತೇನೆ. ಜಾನಬಿ ದಿನಾ ಬಂದು ಎಣ್ಣೆ ತಿಕ್ಕಿ ಹೋಗುತ್ತಾಳೆ. ಊರವರ ಮೂಳೆ ಕಟ್ಟಿ ಕಟ್ಟಿ ಅವಳ ಕೈ ಕಲ್ಲಾಗಿದೆ, ಅವ್ವ ಅವಳಿಗೆ ಬೈಯುವುದು ಓಣಿಯ ತುದಿಗೆ ಕೇಳುತ್ತದೆ. ಬೈಯುವಷ್ಟು ಶಕ್ತಿ ಇದೆ ಅಂತ ತಿಳಿದುಕೋ.

ಎಳ್ಳಮಾವಾಸ್ಯೆಗೆ ಬರುತ್ತೇನೆ ಅಂತ ಕುಣಿಯಬೇಡ. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಅಂತ ನೀನೇ ಬರೆದಿದ್ದೆ. ಅಪ್ಪ ಹೋದಾಗ ನೀನು ಹತ್ತನೆಯ ಇಯತ್ತೆ ಬಿಟ್ಟು ವರ್ಷವಿಡೀ ಬಲೆ ಮುಂದೆ ಹಾಕಿಕೊಂಡು ಕೂತೆ. ಆಗ ನಿನ್ನನ್ನು ಎಬ್ಬಿಸಿ ಮತ್ತೆ ಶಾಲೆಗೆ ದಬ್ಬಲು ಅವ್ವನಿಗೆ ಸಾಕುಬೇಕಾಗಿತ್ತು. ಭಜ್ಜಿ ರೊಟ್ಟಿ ಮುಂದಿನ ವರ್ಷವೂ ಇರುತ್ತವೆ. ನಮ್ಮ ಮನೆಯವರ ಬಾಯಿಂದಲೂ ಅದೇ ಮಾತು ಕೇಳುತ್ತೀ, ನಿನ್ನ ಮಾಮನಿಗೆ ಹೇಳಿಟ್ಟಿದ್ದೇನೆ.

ನಿನ್ನ ಅಕ್ಕ
ಹೀರಾಬಾಯಿ


ಶಹಾಬಾದ
3 ಡಿಸೆಂಬರ್ 1974

ಅಕ್ಕ,

ಅವ್ವ ನಿನ್ನ ಮಾತು ಕೇಳಿ ಹೊಳೆ ಬಿಟ್ಟಳೇ? ಇದನ್ನು ನಾನು ನಂಬಬೇಕೇ? ಅಪ್ಪನ ಮಾತನ್ನೇ ಕೇಳದವಳು ಚಳಿಗೆ ಹೆದರಿದಳು ಅಂದರೆ ನೀನು ಏನೋ ಮಂತ್ರ ಹಾಕಿರಬೇಕು. ನಿಜ ಹೇಳಲೇ, ನನಗೆ ಸಮಾಧಾನವೇ ಆಯಿತು. ರೇಲಿಂಗ್ ನಿಲ್ಲುವ ತನಕ ಆ ಜಾರುವ ಕಲ್ಲಿನ ಹತ್ತಿರ ಅವಳು ಹೋಗದಿದ್ದರೆ ಸಾಕು. ಆಮೇಲೆ ಅವಳೇ ರಾಣಿ.

ಇಲ್ಲಿ ಕೆಲಸ ಶುರುವಾಗಿದೆ. ಪೈಪು ಕೊಯ್ದು ಕಂಬಗಳನ್ನು ಮಾಡಿಟ್ಟಿದ್ದೇವೆ. ನನ್ನ ಕೋಣೆಯ ಜೊತೆಗಾರ ಸಂಗಣ್ಣ, ಕುಂಚಾವರಂ ಕಡೆಯವನು, ಮೊದಲ ಜೋಡಣೆ ಮಾಡಿದ. ಉಸ್ತಾದರು ಬಗ್ಗಿ ನೋಡಿ, "ವೆಲ್ಡಿಂಗ್ ಎಲ್ಲಿ ಅದ? ಇಲ್ಲಿ ಕೋಳಿ ಹೇತು ಹೋದಂಗ ಕಾಣ್ತದ," ಅಂದರು. ಸಂಗಣ್ಣ ಸಿಟ್ಟು ಬಂದರೆ ತೆಲುಗಿನಲ್ಲಿ ಗೊಣಗುತ್ತಾನೆ, ನಮಗೆ ತಿಳಿಯುವುದಿಲ್ಲ ಅಂತ ಅವನ ಧೈರ್ಯ. ನಾನೂ ಜಾಣನೇನಲ್ಲ. ಮೊನ್ನೆ ಕಪ್ಪು ಗಾಜು ಹಿಡಿಯದೆ ಬೆಂಕಿ ನೋಡಿಬಿಟ್ಟೆ. ಕಣ್ಣಲ್ಲಿ ಉಸುಕು ಹೊಯ್ದ ಹಾಗಾಯಿತು. ಆಲೂಗಡ್ಡೆ ಹೋಳು ಕಟ್ಟಿಕೊಂಡು ಬಿದ್ದುಕೊಂಡೆ, ಈಗ ಸರಿಯಾಗಿದೆ. ಅವ್ವನಿಗೆ ಹೇಳಬೇಡ.

ನಾಲವಾರದ ಬಸ್ಸಿನ ಕಂಡಕ್ಟರ ಕೈಯಲ್ಲಿ ಎರಡು ಪೈಪಿನ ತುಂಡು ಕಳಿಸಿದ್ದೇನೆ, ಒಂದು ದಪ್ಪ, ಒಂದು ಸಣ್ಣ. ಒಂದೊಂದೂ ಗೇಣುದ್ದ. ಅವ್ವನ ಮುಷ್ಟಿಗೆ ಯಾವುದು ಹೊಂದುತ್ತದೆ ಕೇಳು, ಕೆಳಗಿನ ಕಂಬಿ ಅದೇ ಪೈಪಿನಲ್ಲಿ ಮಾಡುತ್ತೇವೆ. ತುದಿಗಳನ್ನು ನಾನೇ ಅರದಿಂದ ಉಜ್ಜಿದ್ದೇನೆ. ಎಲ್ಲಾದರೂ ಚುಚ್ಚುತ್ತದೆಯೇ, ಬೆರಳಿಗೆ ಗೀರುತ್ತದೆಯೇ, ಅದನ್ನು ಸರಿಯಾಗಿ ಕೇಳಿ ಬರೆ. ಬರಿಯ "ಛಲೋ ಅದ" ಅಂದರೆ ಆಗುವುದಿಲ್ಲ.

ಇನ್ನೊಂದು ಮಾತು ಅವ್ವನಿಗೆ ಈಗಲೇ ತಿಳಿಸಿಬಿಡು. ಕಂಬಿ ಕೊನೆಯ ಮೆಟ್ಟಿಲಿಗೇ ಮುಗಿಯುತ್ತದೆ. ನೀರೊಳಗೆ ಕಂಬ ನಿಲ್ಲಿಸಿದರೆ ಮಳೆಗಾಲದ ಸೆಳವು ಕಿತ್ತುಕೊಂಡು ಹೋಗುತ್ತದೆ. ಕಾಲು ತೋಯಿಸುವ ತನಕ ಹಿಡಿದುಕೊಳ್ಳಬಹುದು, ಅಲ್ಲಿಂದ ಮುಂದಕ್ಕಿಲ್ಲ.

ದಾರ ಮರೆಯಬೇಡ.

ವಿಠೋಬಾ


ಸನ್ನತಿ
15 ಡಿಸೆಂಬರ್ 1974

ತಮ್ಮ ವಿಠೋಬಾ,

ತುಂಡುಗಳು ಬಂದವು. ಸಣ್ಣದು ಸರಿ ಇದೆ. ದಪ್ಪದ್ದನ್ನು ನಿನ್ನ ಮಾಮ ದೇವಿಂದ್ರಪ್ಪ ಹರಗೋಲಿನ ಹಗ್ಗ ಸುತ್ತಲು ಇಟ್ಟುಕೊಂಡರು. ಸಣ್ಣದು ಅವ್ವನ ಹತ್ತಿರವೇ ಇದೆ, ಕೇಳಿದರೂ ಕೊಡುವುದಿಲ್ಲ.

ಲಕೋಟೆಯೊಳಗೆ ದಾರ ಇಟ್ಟಿದ್ದೇನೆ. ಎರಡು ಗಂಟು. ಈ ತುದಿ ಆ ತುದಿ ಎರಡನ್ನೂ ಒಬ್ಬಳೇ ಹಿಡಿಯಲು ಆಗಲಿಲ್ಲ, ಜಾನಬಿ ಹಿಮ್ಮಡಿಯ ಕಡೆ ಹಿಡಿದಳು. ಸರಿಯಾಗಿ ಎಳೆದೇ ಕಟ್ಟಿದ್ದೇನೆ. ಇನ್ನೊಂದು ಸಲ ಅಳತೆ ಕಳಿಸು ಅಂತ ಮಾತ್ರ ಕೇಳಬೇಡ.

ಕಂಬಿ ನೀರಿನ ತನಕ ಇಲ್ಲ ಅಂತ ಹೇಳಿದೆ. "ಬ್ಯಾಡ ಬಿಡು. ಅಲ್ಲಿಂದ ಮುಂದ ನಿಮ್ಮಪ್ಪನ ನೀರು, ನನಗ ಗೊತ್ತದ," ಅಂದಳು.

ಕಣ್ಣು ಸರಿಯಾಯಿತೇ? ಕಪ್ಪು ಗಾಜು ಹಿಡಿಯದೆ ಬೆಂಕಿ ನೋಡಿದರೆ ಬಂದು ಕಪಾಳಕ್ಕೆ ಕೊಡುತ್ತೇನೆ. ಅವ್ವನಿಗೆ ಹೇಳಿಲ್ಲ. ಈ ಮನೆಯಲ್ಲಿ ಹೇಳದೆ ಇಡುವುದನ್ನು ನಾನೊಬ್ಬಳೇ ಹೊರಬೇಕು ಅಂತ ಕಾಣುತ್ತದೆ.

ಹೀರಾಬಾಯಿ


ಶಹಾಬಾದ
29 ಡಿಸೆಂಬರ್ 1974

ಅಕ್ಕ, ನನ್ನ ಬಂಗಾರದಂಥ ಅಕ್ಕ,

ದಾರ ಕೈಗೆ ಬಂದ ಕೂಡಲೇ ಗೋಡೆಗೆ ಹಿಡಿದು ನೋಡಿದೆ. ನನಗೇ ನಂಬಿಕೆ ಬರಲಿಲ್ಲ. ಹೋದ ಬೇಸಿಗೆಯಲ್ಲಿ ಅವ್ವ ಅಂಗಳದಲ್ಲಿ ನಿಂತರೆ ಅವಳ ಕೈ ನನ್ನ ಮಂಡಿಯ ಸ್ವಲ್ಪ ಮೇಲಕ್ಕೆ ಬರುತ್ತಿತ್ತು. ಈ ದಾರದಲ್ಲಿ ನಾಲ್ಕು ಬೆರಳಿಗೂ ಮೇಲಕ್ಕೆ ಬಂದಿದೆ. ಜಾನಬಿಯ ಎಣ್ಣೆಗೆ ನಾನು ಅಡ್ಡ ಬೀಳುತ್ತೇನೆ. ಅವ್ವನ ಬೆನ್ನು ನೆಟ್ಟಗಾಗಿದೆ ಅಂತ ನೀನೇಕೆ ಬರೆಯಲಿಲ್ಲ? ನಾನೇ ಕಂಡುಹಿಡಿಯಲಿ ಅಂತಲೇ?

ಉಸ್ತಾದರು ಒಪ್ಪಲಿಲ್ಲ. ದಾರವನ್ನು ಟೇಪಿನ ಮೇಲಿಟ್ಟು ನೋಡಿ, "ಬೆನ್ನು ಬಗ್ಗಿದ ಮುದುಕಿ ಅಂದಿದ್ದಿ. ಇದು ನಿಂತಾಗ ತಗೊಂಡ ಅಳತಿ ಹೌದಲ್ಲೋ?" ಅಂತ ಕೇಳಿದರು. ಮರುದಿನ ಮತ್ತೆ ಅದನ್ನೇ ಕೇಳಿದರು. ಇನ್ನೊಮ್ಮೆ ತರಿಸು ಅಂದರು. ನನಗೆ ಸಿಟ್ಟು ಬಂತು. ನಮ್ಮಪ್ಪ ಈ ದಾರದಲ್ಲೇ ಹರಗೋಲು ಅಳೆದು ಕಟ್ಟುತ್ತಿದ್ದರು, ನಮ್ಮಕ್ಕನ ಗಂಟು ಸುಳ್ಳು ಹೇಳುವುದಿಲ್ಲ ರೀ ಅಂತ ಎಲ್ಲರೆದುರು ಹೇಳಿಬಿಟ್ಟೆ. ಅವರು ಬೈಯಲಿಲ್ಲ. "ನಿನ್ನ ಅವ್ವ, ನಿನ್ನ ಕಂಬಿ," ಅಂತ ದಾರ ವಾಪಸ್ಸು ಕೊಟ್ಟರು.

ಕೆಳಗಿನ ಕಂಬಿ ಕೂರಿಸಿದ್ದೇವೆ, ಪ್ರತಿ ಜೋಡಣೆಯೂ ನನ್ನ ಕೈಯದು. ಊರಲ್ಲಿ ಕರೆಂಟು ಎಳೆಯುವುದು ಕಷ್ಟ ಅಂತ ಎಲ್ಲವನ್ನೂ ಇಲ್ಲೇ ಬೆಸೆದು, ಅಲ್ಲಿ ಕಂಬ ಹುಗಿದು ನಟ್ಟು ಬಿಗಿಯುವುದು. ಅವ್ವ ನೆಟ್ಟಗೆ ನಡೆದು ಇಳಿಯುವುದನ್ನು ನಾನು ಮೇಲಿನ ಮೆಟ್ಟಿಲಲ್ಲಿ ಕೂತು ನೋಡುತ್ತೇನೆ. ಅಷ್ಟು ಸಾಕು ನನಗೆ.

ವಿಠೋಬಾ


ಸನ್ನತಿ
14 ಜನವರಿ 1975

ವಿಠೋಬಾ,

ಎಳ್ಳಮಾವಾಸ್ಯೆ ಆಯಿತು. ನಿನ್ನ ಹೆಸರಿನಲ್ಲಿ ಒಂದು ತುತ್ತು ಹೊಲಕ್ಕೆ ಚೆಲ್ಲಿ ಬಂದೆ.

ನಿನ್ನ ಕಾಗದ ಅವ್ವನಿಗೆ ಓದಿ ಹೇಳಿದೆ. ಬೆನ್ನಿನ ಮಾತು ಬಂದಾಗ ಕಣ್ಣು ಮುಚ್ಚಿಕೊಂಡಳು. ಗಂಟು ಕಟ್ಟಿದ್ದು ನಾನು, ಅದು ಹೇಳಿದಷ್ಟೇ ಮಾಡು, ಹೆಚ್ಚು ಕಡಿಮೆ ಮಾಡಬೇಡ.

ರೇಲಿಂಗ್ ಯಾವಾಗ ತರುತ್ತೀರಿ? ದಿನಾ ಕೇಳುತ್ತಾಳೆ. ಸ್ವಲ್ಪ ಬೇಗ ತನ್ನಿ. ಬಣ್ಣ ಗಿಣ್ಣ ಆಮೇಲೆ ಹಚ್ಚಿದರೂ ನಡೆಯುತ್ತದೆ. ನಿಮ್ಮ ಉಸ್ತಾದರಿಗೆ ನಾನು ಕೇಳಿದೆ ಅಂತಲೇ ಹೇಳು.

ಹೀರಾಬಾಯಿ


ಶಹಾಬಾದ
22 ಜನವರಿ 1975

ಅಕ್ಕ,

ಹೆಣ್ಣು ನೋಡಲು ಬಂದವರೂ ಇಷ್ಟು ಅವಸರ ಮಾಡುವುದಿಲ್ಲ. ಓಣಿಯವರ ಮುಂದೆ ಎಷ್ಟು ಕೊಚ್ಚಿಕೊಂಡಿದ್ದೀಯ, ಅದನ್ನು ಹೇಳು.

ಮೊದಲು ಜನವರಿ ಕೊನೆಯ ವಾರದಲ್ಲಿ ಬರುವುದಿತ್ತು. ನಾನೇ ಉಸ್ತಾದರಿಗೆ ಹೇಳಿ ಮುಂದಕ್ಕೆ ಹಾಕಿಸಿದೆ. ಹೊಳೆಯ ತಂಪಿಗೆ ಒಂದು ಕೈ ಬಣ್ಣ ಸಾಲದು, ಕೆಂಪು ಹಚ್ಚಿ ಒಣಗಿಸಿ ಅದರ ಮೇಲೆ ಹಸಿರು ಎರಡು ಸಲ ಬಳಿಯಬೇಕು. ಅಪ್ಪನ ಹರಗೋಲಿಗೆ ಇದ್ದಂಥ ಹಸಿರು. ಹಸಿ ಬಣ್ಣ ಅವ್ವನ ಕೈಗೆ ಅಂಟಿದರೆ ಜೀವವಿಡೀ ಆಡಿಕೊಳ್ಳುತ್ತಾಳೆ. ಫೆಬ್ರವರಿ ಹತ್ತಕ್ಕೆ ಲಾರಿ ಗೊತ್ತಾಗಿದೆ.

ಇಷ್ಟು ದಿನ ಕಾದವಳಿಗೆ ಇನ್ನು ಸ್ವಲ್ಪ ದಿನ ಏನು ಮಹಾ. ಹೊಸ ಸೀರೆ ತೆಗೆದಿಟ್ಟುಕೊಳ್ಳಲಿ.

ವಿಠೋಬಾ


ಶಹಾಬಾದ
20 ಫೆಬ್ರವರಿ 1975

ಹೀರಾಬಾಯಿಗೆ,

ಮೂರನೆಯ ದಿನದ ಕಾರ್ಯ ಮುಗಿಸಿ ಹೇಳದೆ ಬಂದುಬಿಟ್ಟೆ. ಅಲ್ಲಿ ನಿಂತಿದ್ದರೆ ಜನರ ಎದುರು ಬಾಯಿಗೆ ಬಂದದ್ದು ಆಡುತ್ತಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ಲಾರಿಗೆ ಎರಡು ದಿನ ಇರುವಾಗ ಮಾಮ ಶಹಾಬಾದಿಗೆ ಬಂದು ತರಬೇತಿ ಕೇಂದ್ರದ ಬಾಗಿಲಲ್ಲಿ ನಿಂತಾಗ ನನ್ನ ಕೈಯಲ್ಲಿ ಬ್ರಷ್ ಇತ್ತು. ಅವರು ಹೆಗಲ ಮೇಲಿನ ವಸ್ತ್ರ ತೆಗೆದು ನನ್ನ ಕೈಯ ಹಸಿರು ಒರೆಸಿದರು. ರೈಲಿನಲ್ಲಿ ವಾಡಿ ದಾಟಿದ ಮೇಲೆ ಬಾಯಿ ಬಿಟ್ಟರು. ದೀಪಾವಳಿಯ ನೀರು ತುಂಬುವ ಹಬ್ಬದ ಬೆಳಗ್ಗೆ ಅವ್ವ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡಳು, ಅಂದಿನಿಂದ ಹಾಸಿಗೆ ಬಿಟ್ಟು ಎದ್ದಿಲ್ಲ, ಬೆಳಗ್ಗೆ ಜೀವ ಹೋಯಿತು ಅಂದರು. ನಾನು ಬರುವಷ್ಟರಲ್ಲಿ ಮುಖ ನೋಡುವುದೊಂದೇ ಉಳಿದಿತ್ತು.

ನಿನ್ನ ಕಾಗದಗಳನ್ನೆಲ್ಲ ಮತ್ತೆ ಓದಿದೆ. ಆರಾಮ ಇದ್ದಾಳೆ. ಚಳಿ ಬಿದ್ದಿದೆ. ಎಣ್ಣೆ ತಿಕ್ಕುತ್ತಾಳೆ. ಇಷ್ಟು ಚೆಂದ ಸುಳ್ಳು ಬರೆಯಲು ನಿನಗೆ ಯಾರು ಕಲಿಸಿದರು? ನಾನಿಲ್ಲಿ ಹಸಿರು ಬಣ್ಣ ಒಣಗುವುದನ್ನು ಕಾಯುತ್ತಾ ಕೂತಿದ್ದೆ. ಒಂದು ಮಾತು ಬರೆದಿದ್ದರೆ ಬರಿಯ ಕಬ್ಬಿಣವನ್ನೇ ಹೊತ್ತು ತರುತ್ತಿದ್ದೆ.

ಆ ದಾರದ ಮಾತು ಎಲ್ಲಕ್ಕಿಂತ ಕೆಟ್ಟದ್ದು. ಡಿಸೆಂಬರಿನಲ್ಲಿ ಅವ್ವ ನಿಲ್ಲುತ್ತಿರಲಿಲ್ಲ. ಹಾಗಾದರೆ ನೀನು ಅಳೆದದ್ದು ಏನನ್ನು? ಮಲಗಿದವರ ಮೇಲೆ ದಾರ ಹಿಡಿಯಬಾರದು ಅಂತ ನಮ್ಮ ಮನೆಯಲ್ಲಿ ಹಸುಗೂಸಿಗೂ ಗೊತ್ತು. ಅಪ್ಪ ನಮಗೆ ಅಂಗಿ ಹೊಲಿಸುವಾಗಲೂ ನಿದ್ದೆಯಿಂದ ಎಬ್ಬಿಸಿ ನಿಲ್ಲಿಸಿಯೇ ಅಳತೆ ಹಿಡಿಯುತ್ತಿದ್ದರು. ಮಲಗಿದವರ ಅಳತೆ ಬೇಕಾಗುವುದು ಹೂಳಲು ಕುಣಿ ತೋಡುವವರಿಗೆ. ನೀನು ಅದನ್ನು ಜೀವ ಇರುವಾಗಲೇ ತೆಗೆದು ಲಕೋಟೆಯಲ್ಲಿಟ್ಟು ನನಗೆ ಕಳಿಸಿದೆ. ನಾನು ಅದನ್ನು ವರ್ಗದಲ್ಲೆಲ್ಲ ತೋರಿಸಿಕೊಂಡು ಕುಣಿದೆ.

ಹತ್ತಕ್ಕೆ ಹೊರಡಬೇಕಿದ್ದ ಲಾರಿ ಮಾರ್ಚ್ ಎರಡಕ್ಕೆ ಬರುತ್ತದೆ. ಒಪ್ಪಿಕೊಂಡ ಕೆಲಸ, ಮಾಡಿ ಹೋಗುತ್ತೇನೆ. ಮನೆಗೆ ಬರುವುದಿಲ್ಲ.

ವಿಠೋಬಾ


ಶಹಾಬಾದ
5 ಮಾರ್ಚ್ 1975

ಹೀರಾಬಾಯಿಗೆ,

ನೀನು ಜಾನಬಿ ಕೈಯಲ್ಲಿ ರೊಟ್ಟಿ ಪಲ್ಯ ಕಳಿಸಿದ್ದೆ. ಹುಡುಗರು ತಿಂದರು, ಸಂಗಣ್ಣ ನಿನಗೆ ದಂಡಂ ಅಂತ ತೆಲುಗಿನಲ್ಲಿ ನಮಸ್ಕಾರ ಹೇಳಿದ್ದಾನೆ. ನೀನು ದಂಡೆಯ ಮೇಲೆ ಬೇವಿನ ಗಿಡದ ಹತ್ತಿರ ನಿಂತದ್ದನ್ನು ನೋಡಿದೆ. ನೋಡಲಿಲ್ಲ ಅಂತ ತಿಳಿಯಬೇಡ.

ರೇಲಿಂಗ್ ಗಟ್ಟಿ ನಿಂತಿದೆ. ಊರವರು ಹೊಗಳಿದರು, ಪರೀಕ್ಷೆಯಲ್ಲಿ ಒಳ್ಳೆಯ ಅಂಕವೂ ಬರಬಹುದು. ಆದರೆ ಕೆಳಗಿನ ಕಂಬಿ ಕೆಟ್ಟಿತು. ಅನಸುಬಾಯಿ ಅಜ್ಜಿ ಮೊದಲು ಹಿಡಿದು ಇಳಿದಳು. ಬಸ್ಸಿಗೆ ಕೈ ಮಾಡುವವಳ ಹಾಗೆ ತೋಳು ಎತ್ತಬೇಕಾಯಿತು. ಪಾಪ, ಆದರೂ ಛಲೋ ಅದ ಅಂದಳು. ಮುದುಕರಿಗೆ ಅಂತ ಮಾಡಿದ ಕಂಬಿ ಯಾವ ಮುದುಕರ ಕೈಗೂ ಬರುವುದಿಲ್ಲ. ಉಸ್ತಾದರು ನನ್ನ ಬೆನ್ನ ಮೇಲೆ ಕೈಯಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಯುಗಾದಿಗೆ ಗರಗಸ ತೆಗೆದುಕೊಂಡು ಬಂದು ಕೆಳಗಿನ ಕಂಬಿಯನ್ನು ಕೊಯ್ದು ತೆಗೆಯುತ್ತೇನೆ. ಅದು ಅಲ್ಲಿ ಇರುವುದು ಬೇಡ. ನೋಡಿದಾಗಲೆಲ್ಲ ನನಗೆ ಆ ದಾರವೇ ಕಾಣುತ್ತದೆ.

ವಿಠೋಬಾ


ಸನ್ನತಿ
12 ಮಾರ್ಚ್ 1975

ವಿಠೋಬಾ,

ನಿನ್ನ ಎರಡೂ ಕಾಗದ ಓದಿದೆ. ಮೊದಲನೆಯದಕ್ಕೆ ಉತ್ತರ ಬರೆಯಬಾರದು ಅಂತ ಇದ್ದೆ. ಗರಗಸದ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ತಪ್ಪಾಯಿತು ಅನ್ನಲು ಬರೆಯುತ್ತಿಲ್ಲ, ಅದನ್ನು ಮೊದಲೇ ತಿಳಿದುಕೋ.

ಆ ಬೆಳಗ್ಗೆ ಹಬ್ಬದ ನೀರಿಗೆ ತಾಮ್ರದ ಕೊಡ ತೆಗೆದುಕೊಂಡು ಹೋಗಿದ್ದಳು. ನಾನು ಜೊತೆಗೆ ಬರುತ್ತೇನೆ ಅಂದೆ, ಒಲೆ ನೋಡು ಹೋಗು ಅಂದಳು. ಕೊಡ ಉರುಳಿದ ಸದ್ದು ಮನೆಯ ತನಕ ಕೇಳಿತು. ನಿನ್ನ ಮಾಮ ಬೆನ್ನ ಮೇಲೆ ಹೊತ್ತು ತಂದರು. ಚಿತ್ತಾಪುರಕ್ಕೆ ಗಾಡಿ ಕಟ್ಟಿಕೊಂಡು ಹೋದೆವು. ಡಾಕ್ಟರು ನೋಡಿ, ಈ ವಯಸ್ಸಿಗೆ ಇದು ಕೂಡುವುದಿಲ್ಲ, ಮನೆಯಲ್ಲಿಟ್ಟು ನೋಡಿಕೊಳ್ಳಿ ಅಂದರು. ಬರುವಾಗ ಗಾಡಿಯಲ್ಲಿಯೇ ನನ್ನ ಕೈ ಹಿಡಿದುಕೊಂಡಳು. ಹುಟ್ಟಿದಾಗಿನಿಂದ ಅವಳು ನನ್ನ ಕೈ ಹಿಡಿದದ್ದು ಅದೊಂದು ಸಲ. "ವಿಠೋಬಾಗ ತಿಳಿಸಿದಿ ಅಂದ್ರ ನನ್ನ ಬಾಯಾಗ ನೀರು ಬಿಡಬ್ಯಾಡ. ಅಂವ ಮತ್ತ ಬಂದು ಬಲಿ ಹಿಡಕೊಂಡು ಕುಂದ್ರತಾನ," ಅಂದಳು. ಸಾಯುವವಳ ಬಾಯಿಗೆ ನೀರು ಬಿಡುವ ಹಕ್ಕನ್ನು ನಾನು ಬಿಟ್ಟುಕೊಡಬೇಕಿತ್ತೇ? ನೀನಾದರೆ ಏನು ಮಾಡುತ್ತಿದ್ದೆ? ಅಡ್ಡ ಮಾತು ಬೇಡ, ಯೋಚಿಸಿ ನೋಡು. ಜನವರಿಯಲ್ಲಿ ತಡೆಯಲಾರದೆ ಬೇಗ ಬಾ ಅಂತ ಬರೆದೆ. ಅದಕ್ಕಿಂತ ಹೆಚ್ಚು ಹೇಗೆ ಬರೆಯಲಿ?

ಇನ್ನು ದಾರದ ಮಾತು. ನಿನಗೆ ಗೊತ್ತಿರುವ ಶಾಸ್ತ್ರ ನನಗೆ ಗೊತ್ತಿಲ್ಲವೇ? ಆಗುವುದಿಲ್ಲ ಅಂತ ವಾರಗಟ್ಟಲೆ ಮುಂದಕ್ಕೆ ಹಾಕಿದೆ. ಹಳೆಯ ಸೀರೆ ನೋಡಿ ಅಂದಾಜಿನಲ್ಲಿ ಗಂಟು ಹಾಕಿ ಕಳಿಸುತ್ತೇನೆ ಅಂದರೆ ಕೇಳಲಿಲ್ಲ. ಒಂದು ದಿನ ತಾನೇ ಬಲೆಯಿಂದ ದಾರ ಬಿಡಿಸಿ ಕೊಟ್ಟಳು. "ಕುಣಿ ತೋಡೋರು ಅಳೀತಾರ, ಗೊತ್ತದ. ಅವರಿಗಿಂತ ಮೊದಲ ನನ್ನ ಮಗ ಕೇಳ್ಯಾನ. ಹಿಡಿ," ಅಂದಳು. ಜಾನಬಿ ಹಿಮ್ಮಡಿಗೆ ಹಿಡಿದಳು, ನಾನು ಕೈಯ ಕಡೆ. ಜಾನಬಿ ಅಳುತ್ತಿದ್ದಳು, ಅವ್ವ ಅವಳಿಗೆ ಬೈಯುತ್ತಿದ್ದಳು. ಅವ್ವಾ, ನಿಂತರೆ ನಿನ್ನ ಬೆನ್ನು ಬಗ್ಗುತ್ತದೆ, ಹೀಗೆ ಮಲಗಿದಾಗ ಅಳೆದರೆ ಹೆಚ್ಚಿಗೆ ಬರುತ್ತದೆ, ನಾಲ್ಕು ಬೆರಳು ಇಳಿಸಿ ಕಟ್ಟುತ್ತೇನೆ ಅಂದೆ. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಇಳಸಬ್ಯಾಡ. ನಾ ನೆಟ್ಟಗಿದ್ದಾಗ ಇಷ್ಟೇ ಇದ್ದೆ. ನನ್ನ ಮಗ ನನ್ನ ಬಗ್ಗಿದ ಅಳತಿ ಯಾಕ ಮಾಡಬೇಕು?"

ಅದಕ್ಕೇ ಇಳಿಸಲಿಲ್ಲ. ಗಂಟು ಸುಳ್ಳು ಹೇಳಿಲ್ಲ ವಿಠೋಬಾ. ನಿನ್ನ ಉಸ್ತಾದರು ಕೇಳಿದ್ದೂ ಸರಿ, ನೀನು ಜಗಳಾಡಿದ್ದೂ ಸರಿ.

ನಿನ್ನ ಲಾರಿ ಹೋದ ಮೇಲೆ ಕೊಡ ತೆಗೆದುಕೊಂಡು ನಾನು ಇಳಿದೆ. ಕೆಳಗಿನ ಕಂಬಿ ನನ್ನ ಅಂಗೈಗೆ ಸರಿಯಾಗಿ ಬಂತು, ಕೈ ಎತ್ತಬೇಕಿಲ್ಲ, ಬಗ್ಗಬೇಕಿಲ್ಲ. ಅಪ್ಪನ ಜೊತೆ ಹರಗೋಲು ಹತ್ತುವಾಗ ಅವ್ವ ನನ್ನಷ್ಟೇ ಎತ್ತರ ಇದ್ದಳು ಅಂತ ಜನ ಹೇಳುತ್ತಾರೆ, ನಾನು ನೋಡಿದ್ದು ನೆನಪಿಲ್ಲ. ಈಗ ಗೊತ್ತಾಯಿತು. ಅದನ್ನು ಕೊಯ್ಯಬೇಡ. ಅನಸುಬಾಯಿ ಅಜ್ಜಿಗೆ ಎತ್ತರವಾದರೆ ಅದರ ಕೆಳಗೆ ಇನ್ನೊಂದು ಹಾಕು. ಕಬ್ಬಿಣಕ್ಕೇನು ಬರಗಾಲ ಬಂದಿಲ್ಲವಲ್ಲ.

ಇನ್ನೊಂದು ಸಂಗತಿ ಹೇಳಿಲ್ಲ. ಇದನ್ನು ಬಚ್ಚಿಟ್ಟದ್ದಲ್ಲ, ಬಾಯಿಗೆ ಬರಲಿಲ್ಲ.

ನೀನು ಕಳಿಸಿದ ಸಣ್ಣ ತುಂಡು ಬಂದ ಮೇಲೆ ಅವ್ವ ದಿನಾ ಹೊಳೆಗೆ ಇಳಿದಳು. ನಸುಕಿನಲ್ಲಿ ನಾನು ಕೊಡ ತೆಗೆದುಕೊಳ್ಳುವ ಸದ್ದು ಕೇಳಿ ಎಚ್ಚರಾಗುತ್ತಿದ್ದಳು. ಹಾಸಿಗೆಯಲ್ಲಿಯೇ ಕಣ್ಣು ಮುಚ್ಚಿ ತುಂಡನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, "ಹೊಂಟೆ," ಅನ್ನುತ್ತಿದ್ದಳು. ನಾನು ಹೊಳೆಯಿಂದ ಬರುವಷ್ಟರಲ್ಲಿ ಅವಳೂ ಇಳಿದಿರುತ್ತಿದ್ದಳು. ಇಲ್ಲಿ ಪಾಚಿ ಅದ, ಇಲ್ಲಿ ಕಲ್ಲು ಅಲಗ್ತದ, ಇಲ್ಲಿ ಹೋದ ವರ್ಷ ಹೀರಾ ಮುಗ್ಗರಿಸಿ ಹಲ್ಲು ಮುರಕೊಂಡಿದ್ದಳು ಅಂತ ಒಂದೊಂದೇ ಮೆಟ್ಟಿಲು ಇಳಿಯುವುದು. ನಾನು ಹೊಳೆಯಲ್ಲಿ ಅದ್ದಿ ತಂದ ಅರಿವೆಯನ್ನು ಅವಳ ಅಂಗಾಲಿಗೆ ಒತ್ತುತ್ತಿದ್ದೆ. "ನೀರು ಹತ್ತಿತು," ಅನ್ನುತ್ತಿದ್ದಳು. ಆಮೇಲೆಯೇ ಕಣ್ಣು ತೆರೆಯುವುದು, ಆಮೇಲೆಯೇ ಚಹಾ.

ಕೊನೆಯ ದಿನವೂ ಹಾಗೆಯೇ ಇಳಿದಳು. ಅರಿವೆ ಒತ್ತಿದೆ, ನೀರು ಹತ್ತಿತು ಅಂದಳು. ಕಣ್ಣು ತೆರೆಯಲಿಲ್ಲ. ತುಂಡನ್ನು ನನ್ನ ಕಡೆ ಚಾಚಿ, "ಹಿಡಿ ಇದನ್ನ. ಕಂಬಿ ಇಲ್ಲಿತನಕನೇ ಅಂತ ಅಂವ ಬರದಾನಲ್ಲ," ಅಂದಳು. ಇಸಿದುಕೊಂಡೆ. ಅದೇ ಕೊಡದಿಂದ ಬಾಯಿಗೆ ನೀರು ಬಿಟ್ಟೆ.

ತುಂಡು ನನ್ನ ಹತ್ತಿರ ಇದೆ. ಎಲ್ಲಾದರೂ ಚುಚ್ಚುತ್ತದೆಯೇ, ಸರಿಯಾಗಿ ಕೇಳಿ ಬರೆ ಅಂದಿದ್ದೆ ನೀನು. ಕೇಳಿದ್ದೆ. "ಎಲ್ಲೂ ಚುಚ್ಚಂಗಿಲ್ಲ ಅಂತ ಬರೀ. ಛಂದ ಉಜ್ಜ್ಯಾನ," ಅಂದಿದ್ದಳು. ಬರೆಯಲು ಇಷ್ಟು ದಿನ ಬೇಕಾಯಿತು.

ಹೀರಾಬಾಯಿ


ಶಹಾಬಾದ
18 ಮಾರ್ಚ್ 1975

ಅಕ್ಕ,

ಭಾನುವಾರ ಬರುತ್ತೇನೆ. ಗರಗಸ ತರುವುದಿಲ್ಲ.

ಅನಸುಬಾಯಿ ಅಜ್ಜಿಯ ಅಳತೆ ತೆಗೆದಿಡು, ನಿಲ್ಲಿಸಿ ತೆಗೆ. ಮೂರನೆಯ ಕಂಬಿಗೆ ಉಸ್ತಾದರು ಒಪ್ಪಿದ್ದಾರೆ.

ಮರುದಿನ ನಸುಕಿಗೆ ಮೊದಲೇ ನನ್ನನ್ನು ಎಬ್ಬಿಸು. ಹೊಳೆಗೆ ನೀನು ಮುಂದೆ ಇಳಿ, ಕೆಳಗಿನ ಕಂಬಿ ಹಿಡಿದುಕೊಂಡು. ನಾನು ಮೇಲಿನ ಮೆಟ್ಟಿಲಲ್ಲಿ ಕೂತು ನೋಡಬೇಕು. ಬರುವಾಗ ಕೊಡ ನಾನು ಹೊರುತ್ತೇನೆ.

ವಿಠೋಬಾ